ಅಲ್ಪವೆಚ್ಚದ ಮೈಕ್ರೋಕಂಟ್ರೋಲರ್ ಪ್ರೋಗ್ರಾಮರ್: ಒಂದು ಚಾರಿತ್ರಿಕ ವಿವೇಚನೆ

ಇತಿಹಾಸದ ಅಧ್ಯಾಪಕನೊಬ್ಬನು ವಿದ್ಯುನ್ಮಾನ ಉಪಕರಣವೊಂದನ್ನು ಕುರಿತು ಬರೆಯಲು ಹೊರಟದ್ದಕ್ಕೆ ಕಾರಣವನ್ನು ಮೊದಲೇ ಅರಿಕೆ ಮಾಡುವುದು ಯುಕ್ತ. ನಮ್ಮ ವಿಭಾಗದ ಹಸ್ತಪ್ರತಿಗಳ ಕೊಠಡಿಯಲ್ಲಿ ಮಳೆಗಾಲದ ತೇವದಿಂದ ಓಲೆಗರಿಗಳಿಗೆ ಬೂಷ್ಟು ಹಿಡಿಯುತ್ತಿತ್ತು. ಗಾಳಿಯ ತೇವಾಂಶವನ್ನು ಗಂಟೆಗಂಟೆಗೂ ದಾಖಲಿಸುವ ಯಂತ್ರವನ್ನು ಕೊಳ್ಳಲು ಹಣವಿರಲಿಲ್ಲವಾಗಿ, ವಿಜ್ಞಾನದ ವಿದ್ಯಾರ್ಥಿಗಳಿಬ್ಬರು ಅದನ್ನು ತಾವೇ ಕಟ್ಟಿಕೊಡಲು ಮುಂದಾದರು. ಅದಕ್ಕೆ ಬೇಕಾದ ಮೈಕ್ರೋಕಂಟ್ರೋಲರ್ ಚಿಪ್ ಅಗ್ಗವಾಗಿಯೇ ದೊರೆಯಿತು. ಆದರೆ ಅದರೊಳಕ್ಕೆ ಆಜ್ಞೆಗಳನ್ನು ಬರೆಯುವ ಪ್ರೋಗ್ರಾಮರ್ ಎಂಬ ಉಪಕರಣಕ್ಕೆ ಚಿಪ್ಪಿಗಿಂತ ಹಲವು ಪಾಲು ಬೆಲೆ. ಅದನ್ನೂ ಅವರು ಕೈಯಿಂದಲೇ ಕಟ್ಟಿದರು. ಇಷ್ಟು ಸುಲಭವಾಗಿ ಅದು ಸಾಧ್ಯವಾದುದು ಹೇಗೆ ಎಂಬುದೇ ಪ್ರಸ್ತುತ ಲೇಖನದ ವಿಷಯ.

ಚಿಪ್ಪಿನಲ್ಲಿ 'ಬರೆಯುವುದು' ಎಂದರೆ, ಅವಾಹಕ ಪದರಗಳ ನಡುವೆ ದ್ವೀಪದಂತಿರುವ ಕಿರುಭಾಗಕ್ಕೆ ಎಲೆಕ್ಟ್ರಾನುಗಳನ್ನು ತಳ್ಳಿ ಅಲ್ಲಿಯೇ ಸೆರೆಯಿಡುವುದು. ತಳ್ಳುವುದಕ್ಕೆ ಹೆಚ್ಚಿನ ವೋಲ್ಟೇಜು ಬೇಕು. ಇಂಟೆಲ್ ಸಂಸ್ಥೆಯು 1976ರಲ್ಲಿ ಹೊರತಂದ 8748 ಎಂಬ ಚಿಪ್ಪಿಗೆ ಸುಮಾರು 25 ವೋಲ್ಟನ್ನು ಹೊರಗಿನಿಂದಲೇ ಒದಗಿಸಬೇಕಾಗಿತ್ತು. ಬರೆದುದನ್ನು ಅಳಿಸಲು ಚಿಪ್ಪಿನ ಬೆನ್ನಮೇಲಿದ್ದ ಸ್ಫಟಿಕದ ಕಿಟಕಿಯ ಮೂಲಕ ಅತಿನೇರಳೆ ಬೆಳಕನ್ನು ಹಾಯಿಸಿ ಹಲವು ನಿಮಿಷ ಕಾಯಬೇಕಾಗಿತ್ತು. ಇಂಥದು ಸಾಮಾನ್ಯ ವಿದ್ಯಾರ್ಥಿಯ ಕೈಗೆ ಎಟಕುವ ಸಂಗತಿಯಲ್ಲ. 1993ರಲ್ಲಿ ಮೈಕ್ರೋಚಿಪ್ ಸಂಸ್ಥೆಯ ಪಿಐಸಿ16ಸಿ84 ಬಂದಾಗ ಕಿಟಕಿ ಹೋಯಿತು, ವಿದ್ಯುತ್ತಿನಿಂದಲೇ ಅಳಿಸಬಹುದಾಯಿತು. ಆದರೂ ಒಂದು ಕಾಲಿಗೆ ಸುಮಾರು 13 ವೋಲ್ಟ್ ಕೊಡಬೇಕಾಗಿಯೇ ಇತ್ತು. ಹವ್ಯಾಸಿಗಳು ಕಂಪ್ಯೂಟರಿನ ಪ್ರಿಂಟರ್ ಪೋರ್ಟಿಗೆ ಕೆಲವೇ ಬಿಡಿಭಾಗಗಳನ್ನು ಜೋಡಿಸಿ ಇದಕ್ಕೆ ಪ್ರೋಗ್ರಾಮರ್ ಮಾಡಿಕೊಂಡರು.

ನಾರ್ವೆಯ ಟ್ರಾಂಡ್‌ಹೈಮಿನಲ್ಲಿ ವಿದ್ಯಾರ್ಥಿಗಳಾಗಿದ್ದ ಆಲ್ಫ್ ಎಗಿಲ್ ಬೋಗೆನ್ ಮತ್ತು ವೇಗಾರ್ಡ್ ವೊಲ್ಲಾನ್ ರೂಪಿಸಿದ ಎವಿಆರ್ ವಿನ್ಯಾಸವನ್ನು ಅಟ್ಮೆಲ್ ಸಂಸ್ಥೆ 1990ರ ದಶಕದ ಉತ್ತರಾರ್ಧದಲ್ಲಿ ಮಾರುಕಟ್ಟೆಗೆ ತಂದಿತು. ಇದರಲ್ಲಿ ಬರೆಯಲು ಬೇಕಾದ ಹೆಚ್ಚಿನ ವೋಲ್ಟೇಜು ಚಿಪ್ಪಿನ ಒಳಗೇ ಹುಟ್ಟುತ್ತದೆ. ಹೊರಗಿನಿಂದ 5 ವೋಲ್ಟ್ ಸಾಕು. ಅಗ್ಗದ ಪ್ರೋಗ್ರಾಮರಿನ ಕೀರ್ತಿಯನ್ನು ಹವ್ಯಾಸಿಗಳ ಜಾಣ್ಮೆಗೇ ಸಲ್ಲಿಸುವುದು ವಾಡಿಕೆ. ನನ್ನ ಮತದಲ್ಲಿ ಅದರ ದೊಡ್ಡ ಪಾಲು ಈ ಒಳಮಾರ್ಪಾಟಿಗೆ ಸಲ್ಲಬೇಕು.

ಉಳಿದುದೊಂದು ಬೀಜವೃಕ್ಷನ್ಯಾಯದ ತೊಡಕು. ಮನೆಯಲ್ಲಿ ಕಟ್ಟುವ ಯುಎಸ್‌ಬಿ ಪ್ರೋಗ್ರಾಮರಿನಲ್ಲಿಯೂ ಒಂದು ಮೈಕ್ರೋಕಂಟ್ರೋಲರ್ ಇರುತ್ತದೆ. ಅದಕ್ಕೆ ಬರೆಯುವವರು ಯಾರು? ಇಟಲಿಯ ಇವ್ರೆಯಾದಲ್ಲಿ 2005ರಲ್ಲಿ ಜನಿಸಿದ ಆರ್ಡುಯಿನೋ ಹಲಗೆ ಈ ತೊಡಕನ್ನು ಬಿಡಿಸಿತು. ಅದರ ಚಿಪ್ಪಿನಲ್ಲಿ ತಯಾರಕರೇ ಬೂಟ್‌ಲೋಡರ್ ಎಂಬ ಪುಟ್ಟ ಆಜ್ಞಾವಳಿಯನ್ನು ಬರೆದಿಟ್ಟಿರುವುದರಿಂದ, ಕಂಪ್ಯೂಟರಿನಿಂದ ನೇರವಾಗಿ ಹೊಸ ಆಜ್ಞೆಗಳನ್ನು ಕಳುಹಿಸಿ ಹಲಗೆಯನ್ನೇ ಪ್ರೋಗ್ರಾಮರಾಗಿ ಮಾರ್ಪಡಿಸಬಹುದು. ನಮ್ಮ ವಿದ್ಯಾರ್ಥಿಗಳು ಮಾಡಿದ್ದು ಇದನ್ನೇ. ಹಲಗೆಯ 11, 12, 13 ಮತ್ತು 10ನೆಯ ತುದಿಗಳನ್ನು ಅಟ್‌ಮೆಗಾ328ಪಿ ಚಿಪ್ಪಿನ 17, 18, 19 ಮತ್ತು 1ನೆಯ ಕಾಲುಗಳಿಗೆ ಅನುಕ್ರಮವಾಗಿ ಸೇರಿಸಬೇಕು. ವಿದ್ಯುತ್ತಿಗೂ ಭೂಸಂಪರ್ಕಕ್ಕೂ ಬೇರೆ ತಂತಿಗಳು. ಹಲಗೆಯು ತಾನೇ ಮರುಪ್ರಾರಂಭವಾಗದಂತೆ ಅದರ ರೀಸೆಟ್ ಮತ್ತು ಭೂಸಂಪರ್ಕಗಳ ನಡುವೆ 10 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಇಡಬೇಕು.

ಸಂಭಾಷಣೆಯ ಕ್ರಮ ಸ್ವಾರಸ್ಯವಾದುದು. ಚಿಪ್ಪಿನ ರೀಸೆಟ್ ಕಾಲನ್ನು ಕೆಳಮಟ್ಟದಲ್ಲಿ ಹಿಡಿದು 172, 83 ಎಂಬ ಎರಡು ಸಂಖ್ಯೆಗಳನ್ನು ಕಳುಹಿಸಿದರೆ, ಮೂರನೆಯದನ್ನು ಕಳುಹಿಸುತ್ತಿರುವಾಗಲೇ ಚಿಪ್ಪು 83 ಎಂದು ಮರುನುಡಿಯುತ್ತದೆ. ಅನಂತರ ಗುರುತು ಕೇಳಿದರೆ 30, 149, 15 ಎನ್ನುತ್ತದೆ. ಶಾಸನದ ಆರಂಭದಲ್ಲಿ ರಾಜನ ಬಿರುದಾವಳಿಯನ್ನು ಓದಿದಷ್ಟೇ ಸಂತೋಷ ನನಗೆ ಆ ಮೂರು ಅಂಕಿಗಳನ್ನು ಕಂಡಾಗ ಆಯಿತು.

ಎಚ್ಚರಿಕೆ ವಹಿಸಬೇಕಾದ ಸ್ಥಳ ಒಂದಿದೆ. ಚಿಪ್ಪಿನ ವರ್ತನೆಯನ್ನು ನಿರ್ಧರಿಸುವ ಫ್ಯೂಸ್ ಬಿಟ್ಟುಗಳನ್ನೂ ಇದೇ ತಂತಿಗಳ ಮೂಲಕ ಬದಲಾಯಿಸಬಹುದು. ನಮ್ಮವರು ಹೊರಗಿನ ಕ್ರಿಸ್ಟಲಿನಿಂದ ನಡೆಯುವಂತೆ ಆಜ್ಞೆಯಿತ್ತು, ಕ್ರಿಸ್ಟಲನ್ನೇ ಜೋಡಿಸಿರಲಿಲ್ಲ. ಚಿಪ್ಪು ಮೂಕವಾಯಿತು. ಕೆಟ್ಟುಹೋಯಿತೆಂದು ಭಾವಿಸಿ ಅದನ್ನು ಬದಿಗಿಟ್ಟೆವು. ಆಷಾಢದ ಎರಡು ವಾರಗಳ ತೇವಾಂಶದ ದಾಖಲೆ ಹೀಗೆ ನಷ್ಟವಾಯಿತು. ಕೊನೆಗೆ 9 ಮತ್ತು 10ನೆಯ ಕಾಲುಗಳಿಗೆ 16 ಮೆಗಾಹರ್ಟ್ಸ್ ಕ್ರಿಸ್ಟಲನ್ನೂ 22 ಪಿಕೋಫ್ಯಾರಡಿನ ಎರಡು ಕೆಪಾಸಿಟರುಗಳನ್ನೂ ಸೇರಿಸಿದಾಗ 83 ಎಂಬ ಉತ್ತರ ಮತ್ತೆ ಬಂದಿತು.

ಇನ್ನೊಂದು ಬಿಟ್ಟು ಇದಕ್ಕಿಂತ ಅಪಾಯಕಾರಿ: ಅದು ರೀಸೆಟ್ ಕಾಲನ್ನು ಸಾಧಾರಣ ಕಾಲನ್ನಾಗಿ ಮಾಡಿಬಿಡುತ್ತದೆ. ಅನಂತರ ಈ ತಂತಿಗಳು ನಿರುಪಯೋಗ. ಆ ಕಾಲಿಗೆ 12 ವೋಲ್ಟ್ ಕೊಡಬಲ್ಲ ಬೇರೊಂದು ಪ್ರೋಗ್ರಾಮರನ್ನೇ ಹುಡುಕಬೇಕು. ಆ ಬಿಟ್ಟನ್ನು ನಮ್ಮ ವಿದ್ಯಾರ್ಥಿಗಳು ಇನ್ನೂ ಮುಟ್ಟಿಲ್ಲ.