ವೇಳೆಗೆ ಬಂದ ಗಾಡಿ

1975ರಲ್ಲಿ ನಾನು ಗೋಕಾಕದಲ್ಲಿ ಪಿ.ಯು.ಸಿ. ಓದುತ್ತಿದ್ದೆ, ಮನೆ ಕೊಣ್ಣೂರ. ನಮ್ಮೂರಿನ ಗೋಕಾಕ ರೋಡ್ ನಿಲ್ದಾಣಕ್ಕೆ ಗಾಡಿಗಳು ವೇಳೆಗೆ ಸರಿಯಾಗಿ ಬರತೊಡಗಿವೆಯೆಂಬುದೇ ಆ ವರ್ಷ ಚಹದಂಗಡಿಯ ಮುಖ್ಯ ಮಾತು. "ಶಿಸ್ತು ಬಂತು ನೋಡ್ರಿ" ಎಂದು ಹಿರಿಯರು ಹೇಳಿದಾಗ ನಾನೂ ತಲೆದೂಗಿದೆ. ಅದೇ ದಿನಗಳಲ್ಲಿ, ನಮಗೆ ಕಲಿಸಿದ್ದ ಮಾಸ್ತರರೊಬ್ಬರನ್ನು ರಾತ್ರಿ ಮನೆಯಿಂದ ಕರೆದೊಯ್ದರು. ಏಕೆಂದು ಯಾರೂ ಕೇಳಲಿಲ್ಲ. ಅವರ ಮನೆಯ ಮುಂದೆ ಹಾಯುವಾಗ ನಾನು ತಲೆ ತಗ್ಗಿಸಿ ನಡೆದೆ.

ಅಂದು ನಾವು ಕಳೆದುಕೊಂಡದ್ದಾದರೂ ಏನು? ಜೂನ್ 25ರ ರಾತ್ರಿ ತುರ್ತುಪರಿಸ್ಥಿತಿಯ ಘೋಷಣೆಯಾಯಿತು. ಎರಡು ದಿನಗಳಲ್ಲಿ ಹೊರಟ ರಾಷ್ಟ್ರಪತಿಗಳ ಆದೇಶವು ಸಮಾನತೆ, ಜೀವ, ದೇಹಸ್ವಾತಂತ್ರ್ಯಗಳ ಹಕ್ಕಿಗಾಗಿ ನ್ಯಾಯಾಲಯದ ಬಾಗಿಲು ತಟ್ಟದಂತೆ ಮಾಡಿತು. ಮೀಸಾ ಕಾಯಿದೆಯ ಬಂಧಿತನಿಗೆ ಕಾರಣವನ್ನು ಹೇಳಬೇಕಾಗಿರಲಿಲ್ಲ. ಪತ್ರಿಕೆಗಳಿಗೆ ಸೆನ್ಸಾರ್ ಬಂದುದರಿಂದ ಸುದ್ದಿಯೂ ಸೆರೆಯಾಯಿತು. ಇಷ್ಟಾದರೂ ಹಲವು ಉಚ್ಚ ನ್ಯಾಯಾಲಯಗಳು ಬಂಧಿತರ ಅರ್ಜಿಗಳನ್ನು ವಿಚಾರಿಸಬಹುದೆಂದವು. 1976ರ ಏಪ್ರಿಲ್ 28ರಂದು ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿತು. ಐವರಲ್ಲಿ ಒಪ್ಪದವರು ನ್ಯಾಯಮೂರ್ತಿ ಎಚ್. ಆರ್. ಖನ್ನಾ ಒಬ್ಬರೇ.

ಈ ಮಾತು ಕಾನೂನಿನ ಪುಸ್ತಕದ್ದು ಮಾತ್ರವಲ್ಲ. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಅಸ್ತಮಾ ರೋಗಿ. ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ತಿಂಗಳುಗಟ್ಟಲೆ ಬಳಲಿದರು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದ ಐದೇ ದಿನಗಳಲ್ಲಿ ತೀರಿಕೊಂಡರು. ಶಿವರಾಮ ಕಾರಂತರು ಪದ್ಮಭೂಷಣವನ್ನು ಹಿಂದಿರುಗಿಸಿದರು. ನಮ್ಮಲ್ಲಿ ಬಹುಮಂದಿ ಸುಮ್ಮನಿದ್ದೆವು. ಆ ಮಾರ್ಚಿನ ಲೋಕಸಭಾ ಚುನಾವಣೆಯಲ್ಲಿ ಉತ್ತರ ಭಾರತವು ಆಳುವ ಪಕ್ಷವನ್ನು ಕಿತ್ತೊಗೆದರೆ, ಕರ್ನಾಟಕವು ಅದೇ ಪಕ್ಷಕ್ಕೆ 28ರಲ್ಲಿ 26 ಸ್ಥಾನಗಳನ್ನು ಕೊಟ್ಟಿತು. ಮತಕ್ಕೆ ನೂರು ಕಾರಣಗಳಿರುತ್ತವೆ, ನಿಜ. ಆದರೂ ಸ್ವಾತಂತ್ರ್ಯದ ನಷ್ಟವು ಮೈಗೆ ತಾಗಿದವನಿಗೆ ಮಾತ್ರ ತಿಳಿಯುತ್ತದೆ, ತಾಗದವನಿಗೆ ಅದು ಶಿಸ್ತಾಗಿಯೇ ಕಾಣುತ್ತದೆ ಎಂದು ನನಗನ್ನಿಸಿದೆ.

ಪಶ್ಚಾತ್ತಾಪ ತಡವಾಗಿ ಬರುತ್ತದೆ. 1978ರ 44ನೆಯ ತಿದ್ದುಪಡಿಯು ಯಾವ ತುರ್ತಿನಲ್ಲೂ ಜೀವದ ಹಕ್ಕನ್ನು ತಡೆಹಿಡಿಯದಂತೆ ಮಾಡಿತು. ಬಹುಮತದ ತೀರ್ಪಿಗೆ ಸೇರಿದ್ದ ನ್ಯಾಯಮೂರ್ತಿ ಪಿ. ಎನ್. ಭಗವತಿಯವರು ತಾವು ತಪ್ಪಿದೆವೆಂದು ಬಹಿರಂಗವಾಗಿ ಒಪ್ಪಿಕೊಂಡದ್ದು 2011ರಲ್ಲಿ. ಆ ತೀರ್ಪು ರದ್ದಾದದ್ದು 2017ರಲ್ಲಿ, ಕರ್ನಾಟಕದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಮೊಕದ್ದಮೆಯಲ್ಲಿ. ನಡುವೆ 41 ವರ್ಷಗಳು. ಸೆರೆಯಲ್ಲಿ ನವೆದವರಿಗೆ ಅದರಿಂದ ಬಂದ ಲಾಭವೇನು?

ನಮ್ಮ ಮಾಸ್ತರರು 1977ರಲ್ಲಿ ಮರಳಿದರು. ಕಾಲಿಗೆರಗಿದೆ. "ಪರೀಕ್ಷಾ ಹೆಂಗಾತೋ ತಮ್ಮಾ?" ಎಂದರು. "ಎಲ್ಲಿಟ್ಟಿದ್ದರು, ಸರ್? ಏಕೆ?" ಎಂದು ನಾನು ಆಗಲೂ ಕೇಳಲಿಲ್ಲ. ಬಂಧಿತನಿಗೆ ಕಾರಣ ತಿಳಿಸಬೇಕೆಂದು ಸಂವಿಧಾನದ 22ನೆಯ ವಿಧಿಯಲ್ಲಿದೆ. ಅದನ್ನು ಓದಿ ತಿಳಿದದ್ದರಿಂದಷ್ಟೇ ಸಾಲದು; ನೆರೆಮನೆಯವನನ್ನು ಕರೆದೊಯ್ದ ಮರುದಿನ ಬೆಳಗ್ಗೆ "ಏಕೆ?" ಎಂದು ಕೇಳುವವರು ಊರಿನಲ್ಲಿ ನಾಲ್ವರಾದರೂ ಇರಬೇಕು. ಗಾಡಿ ತುಸು ತಡವಾಗಿ ಬಂದರೂ ಚಿಂತೆಯಿಲ್ಲ.