ಹೊಲದ ದಂಟಿನಿಂದ ಬಾಲಯೇಸುವಿನ ಗೋದಲಿ

ಮಳೆ ಹಿಂದೆ ಸರಿದು, ದಸರೆಯ ರಜೆಗೆ ಮಕ್ಕಳು ಮನೆಯಲ್ಲಿರುವ ಕಾಲವಿದು. ಸವದತ್ತಿ ತಾಲ್ಲೂಕಿನ ಹೂಲಿಯ ಸುತ್ತಣ ಹೊಲಗಳಲ್ಲಿ ಗೋವಿನಜೋಳ ಬಲಿಯುತ್ತದೆ; ಹತ್ತಿ ಬಿರಿಯತೊಡಗುತ್ತದೆ. ಜಪಸರದ ತಿಂಗಳಾದ ಅಕ್ಟೋಬರ್ ಕಳೆದು ಕೆಲವೇ ವಾರಗಳಲ್ಲಿ ಆಗಮನ ಕಾಲ ಬರುತ್ತದೆ. ಈ ಬಿಡುವಿನಲ್ಲಿಯೇ ಮಕ್ಕಳ ಕೈಯಿಂದ ಗೋದಲಿಯ ಕೆಲಸವನ್ನು ನಾವೇಕೆ ಆರಂಭಿಸಬಾರದು?

ಅಂಗಡಿಯಿಂದ ತಂದ ಮೂರ್ತಿಗಳು ಅಂದವಾಗಿರುತ್ತವೆ, ನಿಜ. ಆದರೆ ಒಡೆದೀತೆಂಬ ಭಯದಿಂದ 'ಮುಟ್ಟಬೇಡ' ಎಂದು ನಾವು ಗದರುತ್ತೇವೆ. ಎಲ್ಲರ ಕೈಗೂ ಎಟುಕಲೆಂದು ಗೋದಲಿಯಲ್ಲಿ ಮಲಗಿದ ಪ್ರಭುವಿನಿಂದ ಮಗುವನ್ನೇ ದೂರ ನಿಲ್ಲಿಸಿದಂತಾಗುತ್ತದೆ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಗ್ರಾಮದಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಗೋದಲಿಯನ್ನು ಅಣಿಗೊಳಿಸಿದಾಗ ಅಲ್ಲಿದ್ದದ್ದು ಹುಲ್ಲು, ಎತ್ತು, ಕತ್ತೆ, ಊರಿನಲ್ಲೇ ದೊರೆತವುಗಳು.

ಮಣ್ಣೆತ್ತಿನ ಅಮಾವಾಸ್ಯೆಯ ನಾಡಿನ ಮಕ್ಕಳಿಗೆ ಎತ್ತು ಮಾಡಲು ಹೇಳಿಕೊಡಬೇಕಾಗಿಲ್ಲ. ಎರೆಮಣ್ಣು ಒಣಗುವಾಗ ಬಿರಿಯುವುದರಿಂದ ಸಣ್ಣ ಹೊಟ್ಟು ಬೆರೆಸಿ, ಚೆನ್ನಾಗಿ ಕಲಸಿ, ನೆರಳಿನಲ್ಲಿ ನಿಧಾನವಾಗಿ ಒಣಗಿಸಬೇಕು. ಕಣಿಕೆಯ ಬಣವೆಯಲ್ಲಿ ಉಳಿದ ಜೋಳದ ದಂಟಿನಿಂದ ಕೊಟ್ಟಿಗೆ ಕಟ್ಟಬಹುದು: ಒಳಗಿನ ಬೆಂಡಿಗೆ ಸಿಪ್ಪೆಯ ಸೀಳುಗಳನ್ನು ಚುಚ್ಚಿದರೆ ಅಂಟೂ ಬೇಡ, ಮೊಳೆಯೂ ಬೇಡ. ಸೀಳಿನ ಅಂಚು ಬೆರಳು ಕೊಯ್ಯುವುದರಿಂದ ಸೀಳುವ ಕೆಲಸ ಹಿರಿಯರದಾಗಿರಲಿ. ಗೋವಿನಜೋಳದ ತೆನೆಯ ಒಣ ಸಿಪ್ಪೆಯನ್ನು ಸ್ವಲ್ಪ ಹೊತ್ತು ನೀರಿನಲ್ಲಿ ನೆನೆಸಿ, ಮಡಿಸಿ, ಕೊರಳಿನ ಬಳಿ ದಾರ ಬಿಗಿದರೆ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಸಿದ್ಧರಾಗುತ್ತಾರೆ. ಹಿಡಿ ಅರಳೆಯಿಂದ ಕುರಿಮರಿ. ಎಲ್ಲವನ್ನೂ ಪೂರ್ತಿ ಒಣಗಿಸಿ ಎತ್ತಿಟ್ಟರೆ ಬೂಷ್ಟು ಹಿಡಿಯದು.

ಒಂದು ಎಚ್ಚರಿಕೆಯನ್ನು ತಂದೆತಾಯಂದಿರು ಮರೆಯಬಾರದು. ಬೇಲಿಯ ಬಳ್ಳಿಯಲ್ಲಿ ಕೆಂಪು-ಕಪ್ಪಾಗಿ ಹೊಳೆಯುವ ಗುಲಗಂಜಿ ಮಕ್ಕಳನ್ನು ಸೆಳೆಯುತ್ತದೆ. ಹಿಂದೆ ಅದರಿಂದ ಜಪಸರಗಳನ್ನು ಪೋಣಿಸುತ್ತಿದ್ದುದರಿಂದಲೇ ಅದರ ಸಸ್ಯಶಾಸ್ತ್ರೀಯ ಹೆಸರಿನಲ್ಲಿ 'ಪ್ರೆಕಟೋರಿಯಸ್', ಅಂದರೆ ಪ್ರಾರ್ಥನೆಗೆ ಸಂಬಂಧಿಸಿದ್ದು, ಎಂಬ ಪದ ಸೇರಿದೆ. ಆದರೆ ಅದರೊಳಗಿರುವುದು ಘೋರ ವಿಷ. ರಂಧ್ರ ಕೊರೆದ ಅಥವಾ ಅಗಿದ ಬೀಜ ಪ್ರಾಣಕ್ಕೇ ಎರವಾಗಬಲ್ಲದು. ಔಡಲ ಬೀಜವೂ ವಿಷಕಾರಿಯೇ. ಮಗು ಇಂತಹ ಬೀಜವನ್ನು ಬಾಯಿಗೆ ಹಾಕಿಕೊಂಡರೆ, ಲಕ್ಷಣಗಳು ತಡವಾಗಿ ಕಾಣಿಸಿಕೊಳ್ಳಬಹುದಾದ್ದರಿಂದ ಕಾಯದೆ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ದೇವರು ಮನುಷ್ಯನನ್ನು ಮಣ್ಣಿನಿಂದ ರೂಪಿಸಿದರೆಂದು ನಾವು ಮಕ್ಕಳಿಗೆ ಬೋಧಿಸುತ್ತೇವೆ. ಮಣ್ಣನ್ನು ತಾವೇ ಹದಗೊಳಿಸಿದ ಮಕ್ಕಳಿಗೆ ಆ ಮಾತು ಬೇಗನೆ ಅರ್ಥವಾಗುತ್ತದೆ. ಎತ್ತಿನ ಕೊಂಬು ಸೊಟ್ಟಗಾದರೆ ಆಗಲಿ; ನಾವು ತಿದ್ದಬಾರದು. ಸಂಜೆಯ ಜಪಸರದ ನಂತರ ಅರ್ಧ ಗಂಟೆ ಇಡೀ ಕುಟುಂಬ ಈ ಕೆಲಸಕ್ಕೆ ಕುಳಿತರೆ ಸಾಕು. ಕ್ರಿಸ್ಮಸ್ ರಾತ್ರಿ ಬಾಲಯೇಸುವನ್ನು ಗೋದಲಿಯಲ್ಲಿ ಮಲಗಿಸುವ ಭಾಗ್ಯ ಮನೆಯ ಅತಿ ಕಿರಿಯ ಕೈಗಳದಾಗಲಿ.