ಕಿಡ್ನಿ ಕೊಟ್ಟವರಿಗೆ ಏನಾಗುತ್ತದೆ, ಏನಾಗುವುದಿಲ್ಲ

ಮನೆಯಲ್ಲಿ ಯಾರಿಗಾದರೂ ಕಿಡ್ನಿ ಕಸಿ ಆಗಬೇಕೆಂಬ ಮಾತು ಬಂದಾಗ ಚಾಮರಾಜನಗರ, ಗುಂಡ್ಲುಪೇಟೆ ಕಡೆಯಲ್ಲೂ ಎರಡು ನಂಬಿಕೆಗಳು ಎದುರುಬದುರಾಗುತ್ತವೆ. ಕಿಡ್ನಿ ಕೊಟ್ಟವರ ಆಯಸ್ಸು ಅರ್ಧವಾಯಿತು, ಇನ್ನು ಹೊಲಕ್ಕಿಳಿಯಲಾರರು ಎಂಬುದು ಒಂದು. ದೇವರು ಎರಡು ಕೊಟ್ಟಿದ್ದಾನೆ, ಒಂದು ಹೋದರೆ ಏನೂ ಆಗದು ಎಂಬುದು ಇನ್ನೊಂದು. ಎರಡೂ ತಪ್ಪು. ಆದರೆ ನನಗೆ ಹೆಚ್ಚು ಆತಂಕ ಹುಟ್ಟಿಸುವುದು ಎರಡನೆಯದು. ಏನೂ ಆಗದು ಎಂದುಕೊಂಡ ಮನೆಯವರು ಕಿಡ್ನಿ ಪಡೆದವರನ್ನು ತಪ್ಪದೆ ಮೈಸೂರಿಗೋ ಬೆಂಗಳೂರಿಗೋ ಕರೆದೊಯ್ಯುತ್ತಾರೆ, ಕೊಟ್ಟವರ ಬಿ.ಪಿ. ಕೂಡ ನೋಡಿಸುವುದಿಲ್ಲ.

ಅರ್ಧ ಆಯಸ್ಸಿನ ಭಯಕ್ಕೆ ಆಧಾರವಿಲ್ಲ. 1954ರ ಡಿಸೆಂಬರ್‌ನಲ್ಲಿ ಬಾಸ್ಟನ್ನಿನಲ್ಲಿ ನಡೆದ ಮೊದಲ ಯಶಸ್ವಿ ಕಸಿಯಲ್ಲಿ ಅವಳಿ ಸೋದರನಿಗೆ ಕಿಡ್ನಿ ಕೊಟ್ಟ ರೊನಾಲ್ಡ್ ಹೆರಿಕ್, ಆಮೇಲೆ 56 ವರ್ಷ ಬದುಕಿ 79ನೇ ವಯಸ್ಸಿನಲ್ಲಿ ತೀರಿಕೊಂಡರು. ಉಳಿದ ಕಿಡ್ನಿ ತುಸು ಹಿಗ್ಗಿ ಹೆಚ್ಚಿನ ಕೆಲಸ ವಹಿಸಿಕೊಳ್ಳುತ್ತದೆ. ಎರಡೂ ಸೇರಿ ರಕ್ತ ಸೋಸುತ್ತಿದ್ದುದರಲ್ಲಿ ಸುಮಾರು ಶೇ 70ರಷ್ಟನ್ನು ಅದೊಂದೇ ಮಾಡಬಲ್ಲದು. ನಾಲ್ಕಾರು ವಾರ ಭಾರ ಎತ್ತದೆ ಸುಧಾರಿಸಿಕೊಂಡವರು ವೈದ್ಯರ ಒಪ್ಪಿಗೆ ಪಡೆದು ದುಡಿಮೆಗೆ ಮರಳಬಹುದು.

ಹಾಗಾದರೆ ಏನೂ ಆಗದು ಎನ್ನುವುದರಲ್ಲಿ ತಪ್ಪೇನು? 2014ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದು ಜೀವಮಾನದಲ್ಲಿ ಕಿಡ್ನಿ ಪೂರ್ತಿ ಕೈಕೊಡುವ ಸಂಭವವನ್ನು ಅಂದಾಜು ಮಾಡಿತು. ದಾನಿಗಳಲ್ಲಿ 10,000ಕ್ಕೆ 90 ಮಂದಿ. ಅಷ್ಟೇ ಆರೋಗ್ಯವಿದ್ದೂ ದಾನ ಮಾಡದವರಲ್ಲಿ 14. ತಪಾಸಣೆಯಿಂದ ಆರಿಸದ ಸಾಮಾನ್ಯ ಜನರಲ್ಲಿ 326. ಅಪಾಯ ಚಿಕ್ಕದು, ಆದರೆ ಇದೆ. ಅದನ್ನು ಚಿಕ್ಕದಾಗಿ ಇಟ್ಟಿರುವುದು ದಾನಕ್ಕೆ ಮುಂಚಿನ ಕಟ್ಟುನಿಟ್ಟಾದ ತಪಾಸಣೆ. ಕಿಡ್ನಿ ಕೊಟ್ಟ ಮೇಲೆ ಗರ್ಭಿಣಿಯಾದವರಲ್ಲಿ ರಕ್ತದೊತ್ತಡ ಏರುವ ಸಂಭವವೂ ಹೆಚ್ಚು. ಅಮೆರಿಕದ ಲೆಕ್ಕ ನಮಗೇಕೆ ಎಂದು ಕೇಳಬಹುದು. ಅಂಕಿ ಹಾಗೇ ಹೊಂದದಿರಬಹುದು, ಆದರೆ ನಮ್ಮಲ್ಲಿ ಎಚ್ಚರ ಇನ್ನೂ ಹೆಚ್ಚೇ ಬೇಕು. ದಿನವಿಡೀ ಬಿಸಿಲಲ್ಲಿ ಚೆಂಡುಹೂವು ಬಿಡಿಸಿ, ಅರಿಶಿನದ ಹೊಲದಲ್ಲಿ ಕಳೆ ಕಿತ್ತು ಬಂದ ಹೆಣ್ಣುಮಗಳು ಸೊಂಟನೋವಿಗೆಂದು ಮೆಡಿಕಲ್ ಸ್ಟೋರಿನಲ್ಲಿ ಚೀಟಿಯಿಲ್ಲದೆ ತೆಗೆದುಕೊಳ್ಳುವ ಡೈಕ್ಲೊಫೆನಾಕ್ ಮಾತ್ರೆ, ನೀರು ಸಾಲದ ಮೈಯಲ್ಲಿ ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತದೆ. ಒಂದೇ ಕಿಡ್ನಿ ಇರುವವರು ಅಂಥ ಮಾತ್ರೆಯನ್ನು ವೈದ್ಯರನ್ನು ಕೇಳದೆ ನುಂಗಲೇಬಾರದು.

ಇಷ್ಟೆಲ್ಲ ಹೇಳಿದರೆ ಕಿಡ್ನಿ ಕೊಡಲು ಯಾರು ಮುಂದೆ ಬರುತ್ತಾರೆ ಎಂಬ ಆಕ್ಷೇಪ ಸಹಜ. ಆದರೆ ಹೇಳುವುದು ವೈದ್ಯರ ಮರ್ಜಿಯಲ್ಲ. 1994ರ ಅಂಗಾಂಗ ಕಸಿ ಕಾಯ್ದೆಯೇ ಪರಿಣಾಮ, ತೊಡಕು, ಅಪಾಯಗಳನ್ನು ದಾನಿಗೆ ವಿವರಿಸಬೇಕು ಎನ್ನುತ್ತದೆ. ನಮ್ಮ ದೇಶದಲ್ಲಿ ಬದುಕಿದ್ದಾಗ ಅಂಗ ಕೊಡುವವರಲ್ಲಿ ಹೆಚ್ಚಿನವರು ಹೆಂಗಸರು. ‘ಗಂಡನಿಗೆ ತಾನೆ, ಕೊಡದೆ ಏನು’ ಎಂಬ ಮಾತಿನ ಒತ್ತಡ ಎಷ್ಟೆಂದು ಬಿಡಿಸಿ ಹೇಳಬೇಕಿಲ್ಲ. ಅದಕ್ಕೇ 2014ರ ನಿಯಮಗಳು ದಾನಿ ಹೆಣ್ಣಾದರೆ ಆಕೆಯ ಸ್ವತಂತ್ರ ಒಪ್ಪಿಗೆಯನ್ನು ಕಿಡ್ನಿ ಪಡೆಯುವವರಲ್ಲದ ಬೇರೊಬ್ಬರು ದೃಢಪಡಿಸಬೇಕೆಂದು ಹೇಳುತ್ತವೆ. ಕಸಿಗೆ ಅನುಮತಿ ಕೊಡುವ ಸಮಿತಿಯ ಪ್ರಶ್ನೆಗಳನ್ನು ಕಾಟವೆಂದು ಬಗೆಯುವವರು ಇದನ್ನು ಗಮನಿಸಬೇಕು. ಹಣ ಪಡೆದು ಕೊಟ್ಟರೆ ಸಾಲ ತೀರುತ್ತದೆ ಎಂಬುದೂ ಹುಸಿ. ಅದು ಜೈಲಿಗೆ ಕಳಿಸುವ ಅಪರಾಧವಂತೂ ಹೌದು; ಜೊತೆಗೆ, ಚೆನ್ನೈನಲ್ಲಿ ಕಿಡ್ನಿ ಮಾರಿದ್ದ 305 ಮಂದಿಯ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಅವರಲ್ಲಿ ಬಹುತೇಕರು ಸಾಲಕ್ಕಾಗಿಯೇ ಮಾರಿದ್ದರು, ಆದಾಯ ಸರಾಸರಿ ಮೂರನೇ ಒಂದು ಭಾಗ ಇಳಿದಿತ್ತು.

ದಾನಿಗೆ ಆಮೇಲೆ ಬೇಕಾದದ್ದು ದುಬಾರಿಯದೇನಲ್ಲ. ವರ್ಷಕ್ಕೊಮ್ಮೆಯಾದರೂ ಬಿ.ಪಿ., ಸಕ್ಕರೆ, ಮೂತ್ರದಲ್ಲಿ ಪ್ರೋಟೀನ್, ರಕ್ತದಲ್ಲಿ ಕ್ರಿಯಾಟಿನಿನ್ ನೋಡಿಸಬೇಕು. ಇದಕ್ಕೆ ಪ್ರತಿಸಲ ಕಸಿ ಮಾಡಿದ ಆಸ್ಪತ್ರೆಗೇ ಹೋಗಬೇಕಿಲ್ಲ. ಗುಂಡ್ಲುಪೇಟೆಯ ತಾಲ್ಲೂಕು ಆಸ್ಪತ್ರೆಯಲ್ಲೋ ಚಾಮರಾಜನಗರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲೋ ತೋರಿಸಬಹುದು. ಡಿಸ್ಚಾರ್ಜ್ ಆಗುವಾಗ ಕಿಡ್ನಿ ಪಡೆದವರ ಫೈಲಿನ ಜೊತೆ ಕೊಟ್ಟವರ ಹೆಸರಿನಲ್ಲೂ ಒಂದು ಫೈಲನ್ನು ಮನೆಯವರು ಕೇಳಿ ಪಡೆಯಲಿ, ಮುಂದಿನ ತಪಾಸಣೆಯ ತಾರೀಖು ಅದರಲ್ಲಿ ಬರೆದಿರಲಿ.